ಒಂದು ಗೋಡೆಗೆ ಒಂದು ಬೆಳಗ್ಗೆ

ಪುಟ್ಟೀ,

ನೀನು ಕಳಿಸಿದ ಪಟ್ಟಿ ನೋಡಿದೆ. ಒಂಬತ್ತು ದಿನ, ಮೂರು ದೇಶ, ಹದಿನಾಲ್ಕು ಜಾಗ. ಮೊದಲ ಕೆಲಸದಲ್ಲಿ ಕೂಡಿಟ್ಟ ದುಡ್ಡಿನಲ್ಲಿ ಲೋಕ ನೋಡೋಕೆ ಹೊರಟಿದ್ದೀಯಲ್ಲ, ನನಗಾದ ಹಿಗ್ಗು ಅಷ್ಟಿಷ್ಟಲ್ಲ. ನಿಮ್ಮಮ್ಮ ಬೇಡ ಅಂದರೆ ನನಗೆ ಹೇಳು, ನಾನು ಮಾತಾಡುತ್ತೇನೆ. ಆದರೆ ಅಂಕೋರ್ ವಾಟ್ ಎದುರಿಗೆ ‘ಅರ್ಧ ದಿನ’ ಅಂತ ಬರೆದಿದ್ದೀಯಲ್ಲ, ಅದನ್ನು ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಆ ಅರ್ಧ ದಿನ ಹೇಗಿರುತ್ತದೆ ಅಂತ ನನಗೆ ಗೊತ್ತು. ನಾನು ನಿವೃತ್ತಳಾದ ವರ್ಷ ಪ್ರವಾಸದ ಗುಂಪೊಂದರ ಜೊತೆ ನಾನೂ ನಿಮ್ಮ ದೊಡ್ಡಪ್ಪನೂ ಹೋಗಿದ್ದೆವು. ನಸುಕಿನ ನಾಲ್ಕಕ್ಕೇ ಎಬ್ಬಿಸಿ ಕೊಳದ ದಂಡೆಯಲ್ಲಿ ನಿಲ್ಲಿಸಿದರು. ಗೋಪುರಗಳ ಹಿಂದಿನಿಂದ ಸೂರ್ಯ ಬಂದ, ಎಲ್ಲರೂ ಫೋನು ಎತ್ತಿದರು. ಆಮೇಲೆ ಒಳಗೆ ಒಂದು ಸುತ್ತು ಹಾಕಿಸಿ ಬಸ್ಸು ಹತ್ತಿಸಿದರು. ಪಕ್ಕದ ಸೀಟಿನ ಹೆಂಗಸು ‘ಸಮುದ್ರ ಮಥನ ಎಲ್ಲಿತ್ತು ಟೀಚರ್?’ ಅಂತ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಚರಿತ್ರೆ ಪಾಠ ಮಾಡಿದವಳು ಅದರ ಹತ್ತಿರವೂ ಸುಳಿಯದೆ ಬಂದುಬಿಟ್ಟಿದ್ದೆ. ಆ ಸಂಕಟ ನಿನಗೆ ಬೇಡ.

ಎರಡು ವರ್ಷ ಕಳೆದು ನಾವಿಬ್ಬರೇ ಮತ್ತೆ ಹೋದೆವು. ಒಂದು ದಿನದ ಟಿಕೆಟ್ಟಿಗೆ 37 ಡಾಲರ್, ಮೂರು ದಿನದ್ದಕ್ಕೆ 62. ಮೂರು ದಿನದ್ದನ್ನೇ ತೆಗೆದುಕೊಂಡೆವು. ಮೊದಲ ಬೆಳಗ್ಗೆ ಪೂರ್ತಿ ಒಂದೇ ಗೋಡೆಯ ಮುಂದೆ ಕಳೆದೆವು.

ಆ ಗೋಡೆ ಇರುವುದು ಪೂರ್ವದ ಕೈಸಾಲೆಯ ದಕ್ಷಿಣದ ಅರ್ಧದಲ್ಲಿ. ಉದ್ದ ಸುಮಾರು 49 ಮೀಟರ್. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ಮೊದಲು ನೋಡಿದಾಗ ಒಂದೇ ಅಚ್ಚಿನಲ್ಲಿ ಒತ್ತಿದ ಸಾಲಿನ ಹಾಗೆ ಕಾಣುತ್ತದೆ. ಅರ್ಧ ಗಂಟೆ ನಿಂತ ಮೇಲೆ ಮುಖಗಳು ಬೇರೆ ಬೇರೆಯಾಗುತ್ತವೆ. ಅಸುರರ ಕಣ್ಣು ಗುಂಡಗೆ ಉಬ್ಬಿವೆ, ದೇವತೆಗಳ ಕಣ್ಣು ಬಾದಾಮಿಯಂತೆ ನೀಳ. ನಡುವೆ ವಿಷ್ಣು, ಕೆಳಗೆ ಆಮೆ. ಮೇಲೆ ನೋಡುತ್ತಾ ಎಲ್ಲರೂ ಮರೆತುಬಿಡುವ ಜಾಗವೊಂದಿದೆ: ಕೆಳಗಿನ ನೀರು. ದೂರದಲ್ಲಿ ಮೀನು, ಮೊಸಳೆಗಳು ನೆಮ್ಮದಿಯಾಗಿ ಈಜುತ್ತಿವೆ. ಕಡೆಗೋಲಾದ ಬೆಟ್ಟದ ಹತ್ತಿರ ಬರುತ್ತಾ ಬರುತ್ತಾ ಅವೇ ಮೀನುಗಳು ತುಂಡು ತುಂಡಾಗಿ ಹಾರುತ್ತವೆ. ನೀರಿನ ರಭಸವನ್ನು ಆ ಶಿಲ್ಪಿ ಅಲೆ ಕೆತ್ತಿ ತೋರಿಸಲಿಲ್ಲ, ಮೀನನ್ನು ಕತ್ತರಿಸಿ ತೋರಿಸಿದ. ಅದು ಕಂಡ ಕ್ಷಣ ನನ್ನ ಮೈ ಜುಮ್ಮೆಂದಿತು.

ಅಲ್ಲಿಂದ ಮುಂದೆ ನಡೆದು ಈಶಾನ್ಯದ ಕಡೆಗೆ ಹೋಗು. ಉಳಿ ಹಿಡಿದ ಕೈ ಬದಲಾದದ್ದು ನಿನ್ನ ಕಣ್ಣಿಗೇ ಗೊತ್ತಾಗುತ್ತದೆ. ಗೆರೆ ಗಡಸು, ಮುಖಗಳಲ್ಲಿ ಮೊದಲಿನ ಜೀವವಿಲ್ಲ. ಗುಡಿ ಎದ್ದದ್ದು 12ನೇ ಶತಮಾನದಲ್ಲಿ, ಎರಡನೇ ಸೂರ್ಯವರ್ಮನ ಕಾಲಕ್ಕೆ. ಈ ಭಾಗ ಆಗ ಖಾಲಿ ಉಳಿದಿತ್ತು, ಕೆತ್ತನೆಯಾದದ್ದು 16ನೇ ಶತಮಾನದಲ್ಲಿ. ಹೆಚ್ಚಿನವರು ಇದನ್ನು ಕೀಳು ಕೆಲಸ ಅಂತ ದಾಟಿ ಹೋಗುತ್ತಾರೆ. ನನಗೆ ಹಾಗನ್ನಿಸಲಿಲ್ಲ. ನಾನೂರು ವರ್ಷದ ಹಿಂದೆ ಯಾರೋ ಬಿಟ್ಟುಹೋದ ಕೆಲಸವನ್ನು, ಅಷ್ಟು ಚೆನ್ನಾಗಿ ಬರದಿದ್ದರೂ, ಮುಗಿಸಬೇಕು ಅಂತ ಒಬ್ಬ ರಾಜನಿಗೆ ಅನ್ನಿಸಿತಲ್ಲ! ಅಲ್ಲೂ ಸ್ವಲ್ಪ ಹೊತ್ತು ನಿಲ್ಲು.

ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಅಲ್ಲಿಗೆ ಬರುವ ನಮ್ಮ ದೇಶದವರು ‘ಇದೆಲ್ಲ ನಮ್ಮವರೇ ಕಟ್ಟಿದ್ದು’ ಅನ್ನುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನೀನು ಹಾಗೆ ಅನ್ನಬೇಡ ಮಗಳೇ. ಕಥೆ ಇಲ್ಲಿಂದ ಹೋಯಿತು, ದೇವರ ಹೆಸರು ಹೋಯಿತು, ‘ನಗರ’ ಅನ್ನುವ ಮಾತೇ ಅವರ ಬಾಯಲ್ಲಿ ‘ಅಂಕೋರ್’ ಆಯಿತು. ಆದರೆ ಕುಲೇನ್ ಬೆಟ್ಟದ ಬುಡದಿಂದ ಮರಳುಗಲ್ಲು ಕಡಿದು, ಕಾಲುವೆಗಳಲ್ಲಿ ಸಾಗಿಸಿ, ಸುತ್ತ 190 ಮೀಟರ್ ಅಗಲದ ಕಂದಕ ತೋಡಿದವರು ಖ್ಮೇರ್ ಜನ. ಎಷ್ಟೋ ಕಲ್ಲುಗಳಲ್ಲಿ ಬೆರಳು ತೂರುವಷ್ಟು ಸಣ್ಣ ತೂತುಗಳಿವೆ, ನೋಡು. ಅದರಲ್ಲಿ ಮರದ ಗೂಟ ಸಿಕ್ಕಿಸಿ ಕಲ್ಲನ್ನು ಎತ್ತುತ್ತಿದ್ದರು. ಆ ಬೆವರು ಅವರದು. ಅವರ ಬಾವುಟದ ಮೇಲೆ ಈ ಗುಡಿಯಿದೆ. ವಿಷ್ಣುವಿಗಾಗಿ ಎದ್ದ ಗುಡಿಯಲ್ಲಿ ಈಗ ಬುದ್ಧನ ಮುಂದೆ ಊದುಕಡ್ಡಿ ಹಚ್ಚುತ್ತಾರೆ. ನೀನು ಅಲ್ಲಿ ನೆಂಟಳು. ನಮ್ಮ ಪುರಾತತ್ವ ಇಲಾಖೆಯವರು 1986ರಿಂದ 1993ರವರೆಗೆ ಅಲ್ಲಿ ಕೆಲಸ ಮಾಡಿದ್ದಾರೆ. ಹೆಮ್ಮೆ ಬೇಕಾದರೆ ಆ ಸೇವೆಯ ಬಗ್ಗೆ ಪಡು.

ಎರಡನೆಯ ದಿನ ಬಾಪುವೋನ್‌ಗೆ ಹೋಗು. ಅದು 11ನೇ ಶತಮಾನದ ಶಿವನ ಗುಡಿ. ಕುಸಿಯುತ್ತಿದ್ದ ಆ ಗುಡಿಯನ್ನು ಉಳಿಸಲು 1960ರ ದಶಕದಲ್ಲಿ ಫ್ರೆಂಚ್ ತಜ್ಞರು ಕಲ್ಲು ಕಲ್ಲಾಗಿ ಬಿಚ್ಚಿ, ನಂಬರು ಹಾಕಿ, ಸುತ್ತಲ ಕಾಡಿನಲ್ಲಿ ಹರಡಿಟ್ಟರು. ಸುಮಾರು ಮೂರು ಲಕ್ಷ ಕಲ್ಲು. ಅಷ್ಟರಲ್ಲಿ ಯುದ್ಧ ಬಂತು. ಯಾವ ಕಲ್ಲು ಎಲ್ಲಿಯದು ಅಂತ ಬರೆದಿಟ್ಟ ದಾಖಲೆಗಳು ಖ್ಮೇರ್ ರೂಜ್ ಆಳ್ವಿಕೆಯಲ್ಲಿ ನಾಶವಾದವು. 1995ರಲ್ಲಿ ಮತ್ತೆ ಶುರು ಮಾಡಿದವರ ಮುಂದೆ ಇದ್ದದ್ದು ಹುಲ್ಲಿನಲ್ಲಿ ಹೂತ ಕಲ್ಲಿನ ರಾಶಿ ಮತ್ತು ಹಳೆಯ ಫೋಟೋಗಳು. ಗಾರೆಯಿಲ್ಲದ ಕಟ್ಟಡ, ಒಂದೊಂದು ಕಲ್ಲಿಗೂ ಒಂದೇ ಜಾಗ. ಮುಗಿದದ್ದು 2011ರಲ್ಲಿ. ಮೆಟ್ಟಿಲು ಕಡಿದು, ಹುಷಾರಾಗಿ ಹತ್ತು. ಮೇಲೆ ನಿಂತಾಗ ನಿಮ್ಮ ದೊಡ್ಡಪ್ಪ ತುಂಬ ಹೊತ್ತು ಮಾತೇ ಆಡಲಿಲ್ಲ.

ಬಾಯೋನ್ ಗುಡಿಯಲ್ಲಿ ಎಲ್ಲರೂ ಗೋಪುರದ ದೊಡ್ಡ ಮುಖಗಳನ್ನೇ ನೋಡುತ್ತಾರೆ. ನೀನು ಹೊರಗೋಡೆಯ ಕೆಳಸಾಲು ನೋಡು: ಮೀನು ಮಾರುವ ಹೆಂಗಸರು, ಕೋಳಿ ಅಂಕ, ಒಲೆಯ ಮುಂದೆ ಅಡುಗೆಯವರು. ಎಂಟುನೂರು ವರ್ಷದ ಹಿಂದಿನ ಸಂತೆ ಅದು.

ಗುಡಿಗಳ ದಾರಿಯಲ್ಲಿ ಮರದ ಕೆಳಗೆ ಚಾಪೆ ಹಾಸಿ ವಾದ್ಯ ನುಡಿಸುವವರು ಸಿಗುತ್ತಾರೆ. ಒಬ್ಬರಿಗೆ ಕಾಲಿಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ. ನೆಲಬಾಂಬಿಗೆ ಸಿಕ್ಕವರು. ಕಾಸು ಹಾಕಿ ಹೊರಟುಬಿಡಬೇಡ. ಕೂತು ಒಂದು ಹಾಡು ಕೇಳು. ಮಕ್ಕಳು ಕಾರ್ಡು, ಬಳೆ ಮಾರೋಕೆ ಹಿಂದೆ ಬೀಳುತ್ತಾರೆ. ಕರುಳು ಚುರುಕ್ ಅನ್ನುತ್ತದೆ, ಆದರೂ ಕೊಳ್ಳಬೇಡ. ಅಲ್ಲಿ ವ್ಯಾಪಾರ ಕುದುರಿದಷ್ಟೂ ಅವರು ಶಾಲೆಯಿಂದ ದೂರವಾಗುತ್ತಾರೆ. ಕೊಳ್ಳುವುದಿದ್ದರೆ ದೊಡ್ಡವರ ಹತ್ತಿರ ಕೊಳ್ಳು.

ಮಿಕ್ಕದ್ದು ಚಿಕ್ಕ ವಿಷಯ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ಇಲ್ಲದಿದ್ದರೆ ಮೇಲಿನ ಅಂತಸ್ತಿಗೆ ಬಿಡುವುದಿಲ್ಲ. ಏಪ್ರಿಲ್ ಬೇಡ, ಬಿಸಿಲು ಕೊಂದುಬಿಡುತ್ತದೆ. ನವೆಂಬರಿಂದ ಫೆಬ್ರುವರಿ ಒಳ್ಳೆಯದು. ಉಬ್ಬುಶಿಲ್ಪ ಮುಟ್ಟಬೇಡ, ಎಷ್ಟೋ ಕೈ ತಾಗಿ ಆ ಗೋಡೆ ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿದೆ. ಪಟ್ಟಿಯಲ್ಲಿರುವ ಉಳಿದ ಎರಡು ದೇಶಗಳನ್ನು ಮುಂದಿನ ಸಲಕ್ಕೆ ಇಟ್ಟುಕೋ. ನಿನಗಿನ್ನೂ ಇಪ್ಪತ್ನಾಲ್ಕು.

ಹೊರಡುವ ಮೊದಲು ಒಂದು ಭಾನುವಾರ ಹಾಸನಕ್ಕೆ ಬಾ. ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ನಾಲ್ಕೇ ವರ್ಷಕ್ಕೆ, 1117ರಲ್ಲಿ, ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ಅಲ್ಲಿ ಮರಳುಗಲ್ಲಿನಲ್ಲಿ ಉಳಿ ಆಡುತ್ತಿದ್ದ ಹೊತ್ತಿಗೆ ಇಲ್ಲಿ ಬಳಪದ ಕಲ್ಲಿನಲ್ಲಿ ಆಡುತ್ತಿತ್ತು. ನೀನು ಬೇಲೂರು ನೋಡಿದ್ದು ಆರನೇ ಕ್ಲಾಸಿನ ಪ್ರವಾಸದಲ್ಲಿ, ಅದೂ ನೆನಪಿರುವುದು ಚಿತ್ರಾನ್ನ ಮಾತ್ರ ಅಂತ ನೀನೇ ಹೇಳಿದ್ದೆ. ಅಂಕೋರ್‌ನ ಆ ಗೋಡೆಯಲ್ಲಿ ಎಷ್ಟು ಹುಡುಕಿದರೂ ನನಗೊಬ್ಬ ಶಿಲ್ಪಿಯ ಹೆಸರೂ ಸಿಗಲಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ತಾವು ಕೆತ್ತಿದ ಮೂರ್ತಿಗಳಲ್ಲೇ ಹೆಸರು ಬರೆದಿಟ್ಟಿದ್ದಾರೆ. ದೊಡ್ಡಪ್ಪನ ಬೈನಾಕ್ಯುಲರ್ ಒರೆಸಿ ಇಟ್ಟಿದ್ದೇನೆ. ಬೆಳಗ್ಗೆ ಏಳರ ಬಸ್ಸಿಗೆ ಹೋದರೆ ಎಳೆಬಿಸಿಲಿನಲ್ಲಿ ಅಕ್ಷರ ಹುಡುಕಬಹುದು. ಬುತ್ತಿ ನಾನು ಕಟ್ಟುತ್ತೇನೆ.

ನಿನ್ನ ದೊಡ್ಡಮ್ಮ