ನಿನ್ನೆ ನಾವಿದ್ದ ಸ್ಥಳ

ರೈವತನೆಂಬ ಅರಸನ ಕಥೆ ಭಾಗವತದಲ್ಲಿ ಬರುತ್ತದೆ. ಕುಶಸ್ಥಲಿಯ ದೊರೆಯಾದ ಆತನು ಮಗಳು ರೇವತಿಗೆ ತಕ್ಕ ವರನಾರೆಂದು ಕೇಳಲು ಅವಳೊಡನೆ ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಗಾನ ನಡೆಯುತ್ತಿದ್ದುದರಿಂದ ಕೆಲಹೊತ್ತು ಕಾದನು. ಬಿನ್ನಹವನ್ನು ಕೇಳಿದ ಬ್ರಹ್ಮನು ನಕ್ಕು, ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದುವೆಂದು ತಿಳಿಸಿದನು. ಮರಳಿ ಬಂದ ರೈವತನಿಗೆ ತನ್ನವರಾರೂ ಕಾಣಲಿಲ್ಲ. ಆದರೆ ಊರು ಮಾತ್ರ ಇದ್ದಲ್ಲಿಯೇ ಇದ್ದಿತು.

ಆಂಗ್ಲ ಲೇಖಕ ಎಚ್. ಜಿ. ವೆಲ್ಸನು 1895ರಲ್ಲಿ ಬರೆದ ‘ದಿ ಟೈಮ್ ಮೆಷಿನ್’ ಕಾದಂಬರಿಯಲ್ಲಿಯೂ ಹೀಗೆಯೇ. ಅದರ ನಾಯಕನು ತನ್ನ ಪ್ರಯೋಗಶಾಲೆಯಲ್ಲಿ ಯಂತ್ರವನ್ನೇರಿ ಎಂಟು ಲಕ್ಷ ವರ್ಷಗಳಾಚೆಗೆ ಹೋಗಿ ಇಳಿಯುತ್ತಾನೆ. ಅಲ್ಲಿನ ಜೀವಿಗಳು ಯಂತ್ರವನ್ನು ಸ್ವಲ್ಪ ದೂರ ಎಳೆದೊಯ್ಯುತ್ತವೆ. ಅವನು ಹಿಂದಿರುಗಿದಾಗ ಯಂತ್ರವು ಪ್ರಯೋಗಶಾಲೆಯಲ್ಲಿ ಅಷ್ಟೇ ದೂರ ಸರಿದು ನಿಂತಿರುತ್ತದೆ! ಲೇಖಕನ ಜಾಣತನವನ್ನು ಮೆಚ್ಚಲೇಬೇಕು. ಆದರೆ ಆತ ಒಂದು ಮಾತನ್ನು ವಿಚಾರಿಸದೆ ಒಪ್ಪಿಕೊಂಡಿದ್ದಾನೆ: ಕಾಲ ಸರಿದರೂ ಸ್ಥಳ ಕದಲುವುದಿಲ್ಲ ಎಂಬುದನ್ನು. ಇದು ನಿಜವೇ?

ಲೆಕ್ಕ ಹಾಕಿ ನೋಡೋಣ. ಭೂಮಿಯು ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತಿದೆ. ನಲವತ್ತೈದು ನಿಮಿಷಗಳ ಒಂದು ಪಾಠ ಮುಗಿಯುವಷ್ಟರಲ್ಲಿ ನಿಮ್ಮ ತರಗತಿಯು ಗೋಡೆ, ಹಲಗೆ, ಬೆಂಚುಗಳ ಸಮೇತ 81,000 ಕಿಲೋಮೀಟರ್ ದೂರ ಸಾಗಿರುತ್ತದೆ. ಹಾಗಾದರೆ ಒಂದು ಪೂರ್ಣ ವರ್ಷ ಹಿಂದಕ್ಕೆ ಹೋದರೆ ಭೂಮಿ ಅದೇ ಜಾಗದಲ್ಲಿ ಸಿಕ್ಕೀತಲ್ಲವೇ ಎಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಸೂರ್ಯನು ನಿಂತಿದ್ದರೆ ಸಿಗುತ್ತಿತ್ತು. ಆದರೆ ಸೂರ್ಯನೂ ತನ್ನ ಪರಿವಾರದೊಡನೆ ಆಕಾಶಗಂಗೆಯ ಕೇಂದ್ರವನ್ನು ಸೆಕೆಂಡಿಗೆ ಸುಮಾರು 220 ಕಿಲೋಮೀಟರ್ ವೇಗದಿಂದ ಸುತ್ತುತ್ತಿದ್ದಾನೆ. ಒಂದು ವರ್ಷದಲ್ಲಿ ಅವನು ಸಾಗುವ ದೂರ ಸುಮಾರು 700 ಕೋಟಿ ಕಿಲೋಮೀಟರ್. ಇದು ನಮಗೂ ನೆಪ್ಚೂನ್ ಗ್ರಹಕ್ಕೂ ಇರುವ ದೂರಕ್ಕಿಂತ ಹೆಚ್ಚು. ಆಕಾಶಗಂಗೆಯೂ ನಿಂತಿಲ್ಲ.

ಆದುದರಿಂದ ಕಾಲಯಾತ್ರಿಕನು ಶೂನ್ಯಾಕಾಶದಲ್ಲಿ ಬೀಳುತ್ತಾನೆಂದು ಕೆಲವರು ತಟ್ಟನೆ ತೀರ್ಮಾನಿಸುತ್ತಾರೆ. ಈ ತೀರ್ಮಾನವೂ ಅವಸರದ್ದೇ. ಮೇಲಿನ ಒಂದೊಂದು ವೇಗವನ್ನು ಹೇಳುವಾಗಲೂ ಯಾವುದಕ್ಕೆ ಹೋಲಿಸಿ ಎಂಬುದನ್ನು ಸೇರಿಸಿಯೇ ಹೇಳಿದ್ದೇವೆ: ಸೂರ್ಯನಿಗೆ ಹೋಲಿಸಿ, ಆಕಾಶಗಂಗೆಯ ಕೇಂದ್ರಕ್ಕೆ ಹೋಲಿಸಿ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ವಸ್ತುಗಳು ಹಿಂದಕ್ಕೆ ಚಲಿಸುವಂತೆ ತೋರುತ್ತವೆ. ಭೂಮಿಯ ಮೇಲಿರುವವರಿಗೆ ನಕ್ಷತ್ರಗಳು ಪಶ್ಚಿಮಕ್ಕೆ ಚಲಿಸುವಂತೆ ಕಾಣುವುದೂ ಹೀಗೆಯೇ ಎಂದು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ವಿವರಿಸಿದ್ದನು. ದಡವೂ ಕಾಣದಷ್ಟು ವಿಶಾಲವಾದ ನೀರಿನಲ್ಲಿ ದೋಣಿಯು ಕುಲುಕದೆ, ತಿರುಗದೆ, ಒಂದೇ ವೇಗದಲ್ಲಿ ಸಾಗುತ್ತಿದ್ದರೆ, ಒಳಗೆ ಕುಳಿತವನು ಅದು ಚಲಿಸುತ್ತಿದೆಯೋ ನಿಂತಿದೆಯೋ ಎಂದು ಯಾವ ಪ್ರಯೋಗದಿಂದಲೂ ಕಂಡುಹಿಡಿಯಲಾರನು. ಯಂತ್ರಗಳ ವಿಷಯದಲ್ಲಿ ಗೆಲಿಲಿಯೋ ಕಂಡ ಈ ತತ್ತ್ವವನ್ನು ಐನ್‌ಸ್ಟೈನರು 1905ರಲ್ಲಿ ಬೆಳಕಿಗೂ ವಿಸ್ತರಿಸಿದರು. ವಿಶ್ವದಲ್ಲಿ ಎಲ್ಲಿಯೂ ಕದಲದ ಮೈಲಿಗಲ್ಲು ಇಲ್ಲ. ಅಂದಮೇಲೆ ‘ನಿನ್ನೆಯ ಅದೇ ಸ್ಥಳ’ ಎಂಬ ಮಾತಿಗೆ, ಯಾವುದಕ್ಕೆ ಹೋಲಿಸಿ ಎಂದು ಹೇಳದ ಹೊರತು ಅರ್ಥವೇ ಇಲ್ಲ. ವೆಲ್ಸನ ನಾಯಕ ಪ್ರಯೋಗಶಾಲೆಗೆ ಮರಳಿದುದು ಎಷ್ಟು ನಿರಾಧಾರವೋ, ಅವನು ಶೂನ್ಯದಲ್ಲಿ ಬೀಳಬೇಕಿತ್ತೆಂಬ ವಾದವೂ ಅಷ್ಟೇ ನಿರಾಧಾರ. ಒಂದು ಕ್ಷಣದಲ್ಲಿ ಮಾಯವಾಗಿ ಮತ್ತೊಂದು ಕ್ಷಣದಲ್ಲಿ ಮೂಡುವ ಯಂತ್ರವನ್ನು ಭೌತವಿಜ್ಞಾನ ಅರಿಯದು.

ಅದು ಅರಿತಿರುವ ಕಾಲಯಾತ್ರೆ ಬೇರೆ ಬಗೆಯದು. ಅಲ್ಲಿ ಜಿಗಿತವಿಲ್ಲ. ಯಾತ್ರಿಕನು ಪ್ರತಿ ಕ್ಷಣದಲ್ಲಿಯೂ ಎಲ್ಲಿಯೋ ಒಂದೆಡೆ ಇದ್ದೇ ಇರುತ್ತಾನೆ. ಅವನ ಗಡಿಯಾರ ಮಾತ್ರ ನಿಧಾನವಾಗಿ ನಡೆಯುತ್ತದೆ. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಅಮೆರಿಕದ ವಿಜ್ಞಾನಿಗಳು ನಾಲ್ಕು ಪರಮಾಣು ಗಡಿಯಾರಗಳನ್ನು ಸಾಮಾನ್ಯ ವಿಮಾನಗಳಲ್ಲಿರಿಸಿಕೊಂಡು ಭೂಮಿಯನ್ನು ಸುತ್ತಿದರು. ಒಮ್ಮೆ ಪೂರ್ವಾಭಿಮುಖವಾಗಿ, ಒಮ್ಮೆ ಪಶ್ಚಿಮಾಭಿಮುಖವಾಗಿ. ನೆಲದ ಮೇಲಿನ ಗಡಿಯಾರಕ್ಕಿಂತ ಅವು ಪೂರ್ವಯಾತ್ರೆಯಲ್ಲಿ 59 ನ್ಯಾನೋಸೆಕೆಂಡು ಹಿಂದೆ ಬಿದ್ದುವು; ಪಶ್ಚಿಮಯಾತ್ರೆಯಲ್ಲಿ 273 ನ್ಯಾನೋಸೆಕೆಂಡು ಮುಂದಾದುವು. ನ್ಯಾನೋಸೆಕೆಂಡೆಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. ಎತ್ತರದಲ್ಲಿ ಗುರುತ್ವ ಕಡಿಮೆಯಾಗಿ ಗಡಿಯಾರ ತುಸು ಬೇಗ ನಡೆಯುವುದು ಎರಡು ಯಾತ್ರೆಗಳಿಗೂ ಸಮಾನ. ವ್ಯತ್ಯಾಸವೇಕೆ? ನೆಲದ ಗಡಿಯಾರವೂ ನಿಂತದ್ದಲ್ಲ. ಭೂಮಿಯೊಡನೆ ಪೂರ್ವಕ್ಕೆ ತಿರುಗುತ್ತಿದೆ. ಪೂರ್ವಕ್ಕೆ ಹಾರುವ ವಿಮಾನದ ವೇಗವು ಆ ತಿರುಗುವಿಕೆಗೆ ಕೂಡುತ್ತದೆ, ಪಶ್ಚಿಮಕ್ಕೆ ಹಾರುವುದರ ವೇಗ ಅದರಿಂದ ಕಳೆಯುತ್ತದೆ.

ಇದಕ್ಕಿಂತ ದೊಡ್ಡ ಕಾಲಯಾತ್ರಿಕರು ನಮ್ಮ ನಾಡಿನ ನೆಲದೊಳಕ್ಕೂ ಇಳಿಯುತ್ತಿದ್ದಾರೆ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರೊಳಗೆ ಸುಮಾರು 660 ಮೀಟರ್ ಸಾಗಬಹುದಷ್ಟೆ. ಆದರೂ ಅವು ನೆಲವನ್ನು ಮುಟ್ಟುತ್ತವೆ. 1960ರ ದಶಕದಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ಬಂಡೆಯನ್ನು ತೂರಿಬಂದ ಮ್ಯೂಆನ್‌ಗಳನ್ನು ಎಣಿಸಿದರು. ಅತಿವೇಗದಿಂದ ಅವುಗಳ ಗಡಿಯಾರ ನಿಧಾನವಾಗಿ, ಆಯುಸ್ಸು ಹಿಗ್ಗಿತೆಂಬುದು ನೆಲದಲ್ಲಿ ನಿಂತ ನಮ್ಮ ಲೆಕ್ಕ. ಮ್ಯೂಆನಿನೊಡನೆ ಸಾಗುವವನೊಬ್ಬನಿದ್ದರೆ ಅವನ ಲೆಕ್ಕ ಬೇರೆ: ಆಯುಸ್ಸು ಇದ್ದಷ್ಟೇ ಇದೆ, ನೆಲವೇ ತನ್ನತ್ತ ಧಾವಿಸಿ ಬರುತ್ತಿದೆ, ನಡುವಣ 15 ಕಿಲೋಮೀಟರ್ ಕುಗ್ಗಿ ಕೆಲವು ನೂರು ಮೀಟರುಗಳಾಗಿವೆ. ಎರಡು ಲೆಕ್ಕಗಳೂ ಸರಿ. ಎರಡರ ಪ್ರಕಾರವೂ ಮ್ಯೂಆನ್ ಅದೇ ಬಂಡೆಯನ್ನು ಬಂದು ತಾಕುತ್ತದೆ.