ಎರಡು ತಲೆ ಹಾವಿನ ಒಂದೇ ತಲೆ

ಆಳಂದ, ಅಫಜಲಪುರ, ಜೇವರ್ಗಿ ಕಡೆ ತೊಗರಿ ಹೊಲದಲ್ಲಿ ಇಲಿ ಕಾಟ ಹೇಗಿರುತ್ತೆ ಅಂತ ಆ ಊರಿನ ಗೆಳೆಯರನ್ನ ಕೇಳಿ. ಆ ಇಲಿಗಳನ್ನ ಪುಕ್ಕಟೆ ಹಿಡಿಯೋದು ಮಣ್ಣುಮುಕ್ಕ ಹಾವು. ಜನ ಕರೆಯೋದು 'ಎರಡು ತಲಿ ಹಾವು' ಅಂತ.

ತಲೆ ಇರೋದು ಒಂದೇ. ಬಾಲದ ತುದಿ ಮೊಂಡಾಗಿ ತಲೆ ತರಾನೇ ಕಾಣುತ್ತೆ. ಅಪಾಯ ಬಂದ್ರೆ ಹಾವು ಸುರುಳಿ ಸುತ್ತಿ ನಿಜವಾದ ತಲೆಯನ್ನ ಒಳಗೆ ಬಚ್ಚಿಟ್ಟು ಬಾಲ ಎತ್ತುತ್ತೆ. ಕಚ್ಚಿಸಿಕೊಳ್ಳೋದು ಬಾಲ, ಉಳಿಯೋದು ಜೀವ. ಸರ್ಕ್ಯೂಟ್ ಉಳಿಸೋಕೆ ಫ್ಯೂಸ್ ಸುಟ್ಟುಕೊಳ್ಳೋ ಹಾಗೆ! ವಿಷ ಇಲ್ಲ. ಸಡಿಲ ಮಣ್ಣಲ್ಲಿ ಹೂತುಕೊಂಡು ಕಾಯುತ್ತೆ, ಇಲಿ ಸಿಕ್ಕರೆ ಸುತ್ತಿ ಬಿಗಿದು ಕೊಲ್ಲುತ್ತೆ. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ.

ಜೀವ ಉಳಿಸೋ ಈ ಬಾಲವೇ ಈಗ ಅದಕ್ಕೆ ಮುಳುವು. ನಿಧಿ, ಅದೃಷ್ಟ ಅಂತ ನಂಬಿಸಿ, ತೂಕ ನೋಡಿ ಲಕ್ಷಗಟ್ಟಲೆ ರೇಟು ಹೇಳ್ತಾರೆ. ಬಾಲಕ್ಕೆ ಗಾಯ ಮಾಡಿ ಕಣ್ಣು, ಬಾಯಿ ಮೂಡಿಸೋರೂ ಇದ್ದಾರೆ. ಓದಿದೋರು ಹೀಗೆ ಮಾಡಲ್ಲ ಅನ್ಬೇಡಿ. ಹೊರದೇಶಗಳಲ್ಲಿ ಚಂದದ ಬಣ್ಣಕ್ಕಂತಲೇ ಬೆಳೆಸೋ 'ಸ್ಪೈಡರ್' ಬಾಲ್ ಪೈಥಾನ್‌ಗೆ ತಲೆ ನೆಟ್ಟಗೆ ನಿಲ್ಲಲ್ಲ. ಆ ಬಣ್ಣದ ಜೊತೆಗೇ ನರದ ದೋಷವೂ ಬರುತ್ತೆ. ಗೊತ್ತಿದ್ದೂ ಕೊಳ್ತಾರೆ.

ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಿಗೋದು ಬಣ್ಣ ಅಷ್ಟೇ. ಆ ಬಾಲದ ನಾಟಕ ಅರ್ಥ ಆಗೋದು ಹೊಲದಲ್ಲೇ. ನಮ್ಮಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನ ಹಿಡಿಯೋದು, ಮಾರೋದು ಅಪರಾಧ.

ಇನ್ನೊಂದು ಮಾತು. ಇದರ ಹತ್ತಿರದ ಸಂಬಂಧಿ, ಮೈಮೇಲೆ ಮಚ್ಚೆ ಇರೋ ಮಣ್ಣುಮುಕ್ಕ, ಕೊಳಕುಮಂಡಲ ತರಾನೇ ಕಾಣುತ್ತೆ. ಕೊಳಕುಮಂಡಲ ಭಾರೀ ವಿಷದ್ದು. ಹಾಸ್ಟೆಲ್ ಹಿಂದೆ ಯಾವ ಹಾವು ಕಂಡ್ರೂ ದೂರದಿಂದಲೇ ನೋಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.