ಪ್ರೋಷಧದ ದಿನ ಕೆಲಸದೆಡೆಗೆ ಬಂದ ಪತಂಗ

ಅಷ್ಟಮಿ, ಚತುರ್ದಶಿಗಳಂದು ಶ್ರಾವಕರು ಆಚರಿಸುವ ಪ್ರೋಷಧೋಪವಾಸಕ್ಕೆ ಪೂರ್ವಾಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರು ಕಣ್ಣಿಗೂ ಕೈಗೂ ಸಂಬಂಧಿಸಿದವು: ನೋಡದೆ, ಮೃದುವಾದ ವಸ್ತುವಿನಿಂದ ಒರೆಸದೆ ನೆಲದ ಮೇಲೆ ಮಲಮೂತ್ರಾದಿಗಳನ್ನು ಬಿಡುವುದು, ಉಪಕರಣಗಳನ್ನು ತೆಗೆದುಕೊಳ್ಳುವುದು, ಹಾಸಿಗೆಯನ್ನು ಹಾಸುವುದು. ಉಳಿದೆರಡು ಅನಾದರ ಮತ್ತು ವಿಸ್ಮರಣೆ. ಅನ್ನದ ಮಾತು ಈ ಐದರಲ್ಲಿ ಎಲ್ಲಿಯೂ ಇಲ್ಲ. ಉಪವಾಸವು ಬಾಯಿಯಿಂದ ಮಾತ್ರ ಕೆಡುವುದೆಂದು ತಿಳಿದವರು ಇದನ್ನು ಗಮನಿಸಬೇಕು.

ಪ್ರೋಷಧದಂದು ಆರಂಭಗಳನ್ನು ತೊರೆದು ಬಸದಿಯಲ್ಲಿ ಸ್ವಾಧ್ಯಾಯದಿಂದಿರುವುದೇ ಉತ್ತಮ. ಆದರೆ ಎಲ್ಲರಿಗೂ ಆ ಅನುಕೂಲವಿಲ್ಲ. ಆಂಡರ್ಸನ್‌ಪೇಟೆಯಂಥ ಊರನ್ನೇ ನೋಡಬಹುದು. ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ಅಲ್ಲಿಯ ಅನೇಕರು ಮುಂಜಾನೆಯ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವರು ಕಾರ್ಖಾನೆಯ ಪಾಳಿಗೆ, ಕೆಲವರು ಅಂಗಡಿಗೆ. ಅಂಥ ಗೃಹಸ್ಥನೊಬ್ಬನು ಚಾತುರ್ಮಾಸದ ಚತುರ್ದಶಿಯಂದು ಉಪವಾಸವಿದ್ದು ಕೆಲಸಕ್ಕೆ ಹೋದನೆಂದಿರಲಿ. ಇರುಳೆಲ್ಲ ಉರಿದ ದೀಪದ ಕೆಳಗೆ, ಲೆಕ್ಕದ ಪುಸ್ತಕದ ಮೇಲೆ, ಅಂಗೈಯಗಲದ ಪತಂಗವೊಂದು ಕುಳಿತಿದೆ. ಒಬ್ಬನು ಪೊರಕೆ ತರುತ್ತಾನೆ, ಇನ್ನೊಬ್ಬನು ಮೊಬೈಲಿನಿಂದ ಚಿತ್ರ ತೆಗೆಯಲು ಬಾಗುತ್ತಾನೆ. ವ್ರತಿಯು ಏನು ಮಾಡಬೇಕು?

ಪೊರಕೆಯನ್ನು ತಡೆಯಬೇಕೆಂಬುದರಲ್ಲಿ ಸಂದೇಹವಿಲ್ಲ. ಪತಂಗವು ಚತುರಿಂದ್ರಿಯ ತ್ರಸಜೀವಿ. ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆ ಬೇರೆ, ಕಂಡೂ ಕಂಡು ಹೊಡೆಯುವ ಸಂಕಲ್ಪೀ ಹಿಂಸೆ ಬೇರೆ. ಎರಡನೆಯದನ್ನು ಅಣುವ್ರತಿಯು ಬಿಟ್ಟೇ ಇರುತ್ತಾನೆ. ಅಂಗಡಿಗಳಲ್ಲಿ ತೂಗುಹಾಕುವ ನೀಲಿ ಬೆಳಕಿನ ಕೀಟನಾಶಕ ಯಂತ್ರವೂ ಈ ಎರಡನೆಯ ವರ್ಗಕ್ಕೇ ಸೇರಿದುದು. ಯಂತ್ರವು ಕೊಂದರೆ ಪಾಪ ಯಂತ್ರಕ್ಕೆ ಎಂಬ ಸಮಾಧಾನ ನಿಲ್ಲುವಂಥದಲ್ಲ. ಕಿಟಕಿಗೆ ಜಾಲರಿ, ಬಿಳಿನೀಲಿ ದೀಪಕ್ಕೆ ಬದಲಾಗಿ ಹಳದಿ ದೀಪ: ಇವೆರಡರಿಂದಲೇ ಕೀಟಗಳು ಬರುವುದು ಬಹಳ ಕಡಿಮೆಯಾಗುತ್ತದೆ.

ಚಿತ್ರ ತೆಗೆಯುವ ವಿಷಯ ಅಷ್ಟು ಸುಲಭವಲ್ಲ. ದೂರದಿಂದ, ಮುಟ್ಟದೆ, ಮಿಂಚುಬೆಳಕಿಲ್ಲದೆ ಒಂದು ಚಿತ್ರ ತೆಗೆದರೆ ದೋಷವಿಲ್ಲ. ಅದು ಯಾವ ಜೀವಿಯೆಂದು ಬಲ್ಲವರನ್ನು ಕೇಳಲು ಉಪಯೋಗವೂ ಉಂಟು. ಆದರೆ ರೆಕ್ಕೆ ಬಿಡಿಸಲೆಂದು ಕಡ್ಡಿಯಿಂದ ಚುಚ್ಚುವುದು, ಮಕ್ಕಳಿಗೆ ತೋರಿಸಲೆಂದು ಸಂಜೆಯವರೆಗೆ ಸೀಸೆಯಲ್ಲಿಡುವುದು ಸಾಮಾನ್ಯ. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂದು ಬಾಯಿಪಾಠ ಮಾಡಿದವರು, ಸೀಸೆಯ ಮುಚ್ಚಳ ಹಾಕುವಾಗ ಮೊದಲನೆಯದನ್ನು ನೆನೆಯುವುದಿಲ್ಲ. ಎತ್ತನ್ನು ಬಿಗಿಯಾಗಿ ಕಟ್ಟುವುದು ಮಾತ್ರ ಬಂಧವಲ್ಲ. ಬೆರಳಿನಿಂದ ಹಿಡಿದರೆ ರೆಕ್ಕೆಯ ಹುಡಿ ಉದುರುತ್ತದೆ. ಅದು ಧೂಳಲ್ಲ, ರೆಕ್ಕೆಯನ್ನು ಹೊದಿಸಿರುವ ಸೂಕ್ಷ್ಮ ಹುರುಪೆ, ಮತ್ತೆ ಬೆಳೆಯುವುದಿಲ್ಲ.

ದಯೆಗೂ ತಿಳಿವು ಬೇಕು. ಪತಂಗವು ಹಸಿದಿದೆಯೆಂದು ಸಕ್ಕರೆನೀರು ಹನಿಸುವವರಿದ್ದಾರೆ. ರೇಷ್ಮೆಯ ಕುಲಕ್ಕೆ ಹತ್ತಿರದ ದೊಡ್ಡ ಪತಂಗಗಳಿಗೆ, ಉದಾಹರಣೆಗೆ ತಿಳಿಹಸಿರು ಬಣ್ಣದ ಚಂದ್ರಪತಂಗಕ್ಕೆ, ಉಣ್ಣುವ ಬಾಯಿಯೇ ಬೆಳೆದಿರುವುದಿಲ್ಲ. ಹುಳುವಾಗಿದ್ದಾಗ ತಿಂದುದರಿಂದಲೇ ಅವು ಕೆಲವು ದಿನ ಬದುಕಿ, ಮೊಟ್ಟೆಯಿಟ್ಟು ಮುಗಿಯುತ್ತವೆ. ಇದನ್ನು ಕೇಳಿ ಪತಂಗವೂ ಉಪವಾಸವ್ರತಿಯೆಂದು ಹೇಳುವುದು ಕಿವಿಗೆ ಇಂಪಾದರೂ ಸರಿಯಲ್ಲ. ಉಣ್ಣಬಲ್ಲವನು ಸಂಕಲ್ಪಪೂರ್ವಕ ಬಿಟ್ಟರೆ ಉಪವಾಸ, ಉಣ್ಣಲಾರದುದು ಉಪವಾಸವಲ್ಲ. ಅದಕ್ಕೆ ಉಳಿದಿರುವ ದಿನಗಳು ಬೆರಳೆಣಿಕೆಯವು. ಆದುದರಿಂದಲೇ ಸೀಸೆಯೊಳಗೆ ಕಳೆದ ಒಂದು ದಿನವೂ ಅದಕ್ಕೆ ದೊಡ್ಡ ನಷ್ಟ.

ಅದು ದೀಪದ ಬಳಿಗೆ ಬಂದುದೇಕೆ? ರೂಪಕ್ಕೆ ಮೋಹಗೊಂಡು ಸುಡುವ ಪತಂಗ ಎಂಬುದು ಪ್ರವಚನಗಳ ಹಳೆಯ ದೃಷ್ಟಾಂತ. ಚಕ್ಷುರಿಂದ್ರಿಯದ ವಶವಾದ ಮನುಷ್ಯನಿಗೆ ಅದು ಇಂದಿಗೂ ಒಪ್ಪುತ್ತದೆ. ಪತಂಗದ ಮಟ್ಟಿಗೆ ಮಾತ್ರ 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆ ಕಾರಣವನ್ನು ತೋರಿಸಿದೆ. ಹಾರುವ ಕೀಟವು ಆಕಾಶದ ಬೆಳಕಿನ ಕಡೆಗೆ ಬೆನ್ನು ಮಾಡಿ ಮೇಲುಕೆಳಗುಗಳನ್ನು ಅರಿಯುತ್ತದೆ. ದೀಪವು ಹತ್ತಿರವಿದ್ದರೆ ಅದಕ್ಕೇ ಬೆನ್ನು ತಿರುಗಿಸುತ್ತ ಸುತ್ತುಬಂದು ಸಿಕ್ಕಿಬೀಳುತ್ತದೆ. ಮೋಹ ಅದರದಲ್ಲ, ದೀಪ ನಮ್ಮದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಬಂದ ಚಿನ್ನದ ಗಣಿಯ ಊರಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಹೀಗಾಗಿ ಮೊದಲ ನೆರವು ದೀಪವನ್ನು ಆರಿಸುವುದೇ.

ಅನಂತರ ಬಟ್ಟಲನ್ನು ಮೆಲ್ಲನೆ ಕವುಚಿ, ಕೆಳಗೆ ದಪ್ಪ ಕಾಗದವನ್ನು ಸರಿಸಿ, ಹೊರಗೊಯ್ಯಬೇಕು. ಗಣಿಯ ಸಯನೈಡ್ ದಿಬ್ಬಗಳ ಬೋಳುಮೈಯ ಮೇಲಾಗಲಿ, ಬಿಸಿಲು ಬಿದ್ದ ಗೋಡೆಯ ಮೇಲಾಗಲಿ ಬಿಡಬಾರದು. ಹಗಲಿನಲ್ಲಿ ಕಾಗೆ, ಗೊರವಂಕಗಳ ಕಣ್ಣು ತಪ್ಪದು. ಹೊಂಗೆ, ಬೇವು, ಲಾಂಟಾನ ಯಾವುದಾದರೂ ಸರಿ, ಎಲೆಯ ನೆರಳಿರಬೇಕು. ಬಿಟ್ಟೊಡನೆ ಅದು ಹಾರದಿದ್ದರೆ ಗಾಬರಿಯಿಂದ ತಟ್ಟಬಾರದು. ರೆಕ್ಕೆಗಳನ್ನು ನಡುಗಿಸುತ್ತಿದ್ದರೆ ಅದು ಭಯವೋ ರೋಗವೋ ಆಗಬೇಕಿಲ್ಲ. ದೊಡ್ಡ ಪತಂಗಗಳು ಹಾರುವ ಮುನ್ನ ಸ್ನಾಯುಗಳನ್ನು ಹೀಗೆ ಬಿಸಿಮಾಡಿಕೊಳ್ಳುತ್ತವೆ. ಕೋಲಾರದ ಸೀಮೆಯ ಸಾಕು ರೇಷ್ಮೆಯ ಪತಂಗವಾದರೆ ಹಾರಲಾರದು. ಅದನ್ನು ನೆರಳಿನಲ್ಲಿ, ಇರುವೆಯ ಸಾಲಿನಿಂದ ದೂರದಲ್ಲಿ ಇಟ್ಟುಬರುವುದಷ್ಟೇ ಸಾಧ್ಯ.

ಇದಕ್ಕೆಂದು ಒಂದು ಹಳೆಯ ಬಟ್ಟಲನ್ನೂ ರಟ್ಟನ್ನೂ ಮೆತ್ತನೆಯ ಬಟ್ಟೆಯನ್ನೂ ಕೆಲಸದೆಡೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾರಣೆಯ ದಿನ ನೀರು ಕುಡಿಯುವ ಪಾತ್ರೆಯನ್ನು ಇದಕ್ಕೆ ಬಳಸಬಾರದು.